ಎತ್ತರದಲ್ಲಿ ಉಪ್ಪು ತಿನ್ನಬಾರದು

ಹುಚ್ಚೆಳ್ಳು ಬಾಣಲೆಯಲ್ಲಿ ಸಿಡಿಯತೊಡಗಿದ್ದೇ ತಡ, ಅದರ ವಾಸನೆ ಅಡುಗೆಮನೆ ದಾಟಿ ನಡುಮನೆಗೆ ಹೋಯಿತು. ರುದ್ರಾಣಿಗೆ ಅದು ಹದಿನಾರು ಗ್ರಾಮದ ತವರುಮನೆಯ ವಾಸನೆ. ಅವಳು ಚಿಕ್ಕವಳಿದ್ದಾಗ ಅವ್ವ ಹುಚ್ಚೆಳ್ಳು ಹುರಿದಳೆಂದರೆ ಮನೆಯ ಗಂಡಸರು ಬೆಟ್ಟಕ್ಕೆ ಹೊರಟರೆಂದೇ ಲೆಕ್ಕ. ಮಾದಪ್ಪನ ಬೆಟ್ಟವೋ ಶ್ರೀಶೈಲವೋ, ಬುತ್ತಿಯ ಗಂಟಿನೊಳಗೆ ಹುಚ್ಚೆಳ್ಳಿನ ಪುಡಿ ಇಲ್ಲದೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಅವರು ಹೋದ ಮೇಲೂ ಎರಡು ದಿನ ಆ ವಾಸನೆ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಉಳಿದ ಹೆಂಗಸರು ಅದರ ನಡುವೆಯೇ ರಾಗಿ ಬೀಸುತ್ತಿದ್ದರು.

ಈಗ ನಂಜನಗೂಡಿನ ಈ ಮನೆಯ ನಡುಮನೆಯಲ್ಲಿ ಅವಳ ಗಂಡ ಶಂಭುಲಿಂಗಪ್ಪ ಕುರ್ಚಿಯ ಮೇಲೆ ಕೂತಿದ್ದರು. ಹಣೆಗೆ, ತೋಳಿಗೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಗಲ್ಲ ಇಳಿಯದಂತೆ ಕಟ್ಟಿದ ಬಿಳಿ ಬಟ್ಟೆ. ನಿನ್ನೆ ಮಧ್ಯಾಹ್ನ ತಾರಸಿಯ ಮೇಲೆ ಮಲಗುವ ಚೀಲಗಳನ್ನು ಬಿಸಿಲಿಗೆ ಹರಡುತ್ತಿದ್ದವರು ಅಲ್ಲೇ ಕುಸಿದಿದ್ದರು. ಬರುವ ಭಾನುವಾರ ಅವರ ತಂಡ ಹಿಮಾಲಯಕ್ಕೆ ಹೊರಡಬೇಕಿತ್ತು.

ಬಾವ ದೊಡ್ಡಸಿದ್ದಯ್ಯ ಊರುಗೋಲು ಕುಟ್ಟಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

"ಏನವ್ವ ಇದು? ನನ್ ತಮ್ಮ ನಡುಮನೇಲಿ ಇಂಗೆ ಕುಂತವ್ನೆ, ನೀನು ಇಲ್ಲಿ ಒಲೆ ಅಚ್ಕೊಂಡು ಉರೀತಾ ಇದ್ದೀಯಲ್ಲ! ನೋಡ್ದೋರು ಏನಂದಾರು?"

"ನಮ್ಗೆ ಸೂತಕ ಇಲ್ಲ ಬಾವ," ರುದ್ರಾಣಿ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. "ಲಿಂಗವಂತರಿಗೆ ಸಾವಿನ ಸೂತಕ ಇಲ್ಲ ಅಂತ ನಿಮ್ಮ ತಮ್ಮನೇ ಬಸವ ಜಯಂತಿ ದಿವ್ಸ ಮೈಕ್ ಹಿಡ್ಕೊಂಡು ಹೇಳ್ತಿದ್ರಲ್ಲ. ಚಪ್ಪಾಳೆ ಹೊಡೆದೋರಲ್ಲಿ ನೀವೇ ಮೊದಲು."

"ಅದು ಭಾಷಣ ಕಣವ್ವ!"

"ಇದು ಚಟ್ನಿಪುಡಿ ಬಾವ. ಭಾನುವಾರ ಹೊರಡೋರಿಗೆ ಬೇಕಲ್ಲ."

ದೊಡ್ಡಸಿದ್ದಯ್ಯ ಊರುಗೋಲು ಕುಟ್ಟುತ್ತ ಬಂದ ದಾರಿ ಹಿಡಿದರು. "ದುಕ್ಕಕ್ಕೆ ತಲೆ ಕೆಟ್ಟದೆ, ಪಾಪ," ಎಂದು ಅವರು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು.

ಸೊಸೆ ಪವಿತ್ರ ನೆಲದ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಬೆಳಗಿನಿಂದ ಬಂದವರಿಗೆಲ್ಲ ಕಾಫಿ ಕೊಟ್ಟು ಸುಸ್ತಾಗಿದ್ದರೂ, ಅತ್ತೆ ಒಲೆಯ ಮುಂದೆ ನಿಂತದ್ದು ಕಂಡು ಮಣೆ ಎಳೆದುಕೊಂಡು ಜೊತೆಗೆ ಕೂತಿದ್ದಳು. ತಾನು ಕೂರುವ ಮೊದಲೇ ಅತ್ತೆಯ ಕಾಲಡಿಗೆ ಒಂದು ಗೋಣಿತಾಟು ಹಾಸಿದ್ದಳು, ತಣ್ಣನೆಯ ನೆಲಕ್ಕೆ ಅತ್ತೆಯ ಹಿಮ್ಮಡಿ ನೋಯುತ್ತದೆಂದು.

"ಅತ್ತೆ, ಉಪ್ಪು?" ಎಂದು ಅವಳು ತಗ್ಗಿದ ದನಿಯಲ್ಲಿ ಕೇಳಿದಳು. ಪ್ರತಿ ವರ್ಷ ಕೇಳುತ್ತಿದ್ದ ಪ್ರಶ್ನೆ. ಪ್ರತಿ ವರ್ಷ ರುದ್ರಾಣಿ ಬೇಡವೆಂದು ತಲೆಯಾಡಿಸುತ್ತಿದ್ದಳು, ಇಬ್ಬರೂ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಬೆಟ್ಟಕ್ಕೆ ಹೋಗುವ ಪುಡಿಗೆ ಈ ಮನೆಯಲ್ಲಿ ಉಪ್ಪು ಯಾಕೆ ಬೀಳುವುದಿಲ್ಲ ಎಂಬ ಗುಟ್ಟು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

"ಈ ಸಲ ಹಾಕು," ಎಂದಳು ರುದ್ರಾಣಿ. "ಕೈತುಂಬ ಹಾಕು."

ಪವಿತ್ರಳ ಬೆರಳು ಮೆಣಸಿನಕಾಯಿಯ ಮೇಲೆ ನಿಂತಿತು. "ನೀವು ಹೋಗ್ತಿದ್ದೀರ?"

"ಬೆಳಿಗ್ಗೆನೇ ಟಿಕೆಟ್ಟು ಮಾಡ್ಸೋ ಅಮೃತೇಶಂಗೆ ಆಧಾರ್ ಕೊಟ್ಟೆ. ಗಂಡನ ಟಿಕೆಟ್ಟನ್ನ ಹೆಂಡತಿ ಹೆಸ್ರಿಗೆ ಮಾಡಿಸ್ಬಹುದಂತೆ. ರೈಲ್ವೆಯವ್ರಿಗಾದ್ರೂ ಅಷ್ಟು ಬುದ್ಧಿ ಅದೆ. ನಿನ್ ಗಂಡಂಗೆ ಈಗ್ಲೇ ಹೇಳ್ಬೇಡ."

"ನಾವಿಬ್ರೂ ಒಟ್ಟಿಗೆ ಹೋಗೋಣ ಅಂತಿದ್ರಿ ಅತ್ತೆ. ನಾನು ಸೊಸೆಯಾಗಿ ಬಂದ ವರ್ಷದಿಂದ."

"ಇರೋದು ಒಂದೇ ಸೀಟು ಕಣೆ. ಮನೇಲಿ ಯಾರಾದ್ರೂ ಇರ್ಬೇಕಲ್ಲ." ರುದ್ರಾಣಿ ಸೌಟು ತಿರುಗಿಸಿದಳು. "ಮುಂದಿನ ವರ್ಷ ನೋಡೋಣ."

ಪವಿತ್ರ ಮುರಿದ ತೊಟ್ಟುಗಳನ್ನು ಒಂದೊಂದಾಗಿ ಆರಿಸಿ ಮೊರದ ಮೂಲೆಗೆ ಸೇರಿಸಿದಳು.

*

ನಡುಮನೆಯಲ್ಲಿ ಜನ ತುಂಬಿತ್ತು. ಶಂಭುಲಿಂಗಪ್ಪನವರು ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ಆದರೆ ಊರು ಅವರನ್ನು ಕರೆಯುತ್ತಿದ್ದದ್ದು ಹಿಮಾಲಯದ ಮೇಷ್ಟ್ರು ಎಂದು. ವರ್ಷಕ್ಕೊಮ್ಮೆ ತಂಡ ಕಟ್ಟಿಕೊಂಡು ಗಂಗೋತ್ರಿಯ ಆಚೆಗೆ, ಗೋಮುಖದ ಮೇಲಿನ ತಪೋವನದವರೆಗೆ ಹೋಗಿ ಬರುತ್ತಿದ್ದರು. ಬಂದ ಮೇಲೆ ಆರು ತಿಂಗಳು ಅದರ ಭಾಷಣ. ಶಿವಲಿಂಗ ಶಿಖರದ ಮೇಲೆ ಬೆಳಗಿನ ಬಿಸಿಲು ಬೀಳುವುದನ್ನು ಅವರು ಹೇಳುತ್ತಿದ್ದರೆ ಸಭೆಯಲ್ಲಿ ಮುದುಕಿಯರು ಕೈ ಮುಗಿಯುತ್ತಿದ್ದರು.

ಪ್ರವಾಸದ ಅಂಗಡಿಯ ಅಮೃತೇಶ್ ಕಣ್ಣೊರೆಸಿಕೊಂಡ. ಐವತ್ತು ದಾಟಿದ ಮನುಷ್ಯ. ಬಂದವನೇ ಮೊದಲು ಮಾಡಿದ ಕೆಲಸ, ಕಿಟಕಿಯ ಬಿಸಿಲು ಸತ್ತವರ ಮುಖಕ್ಕೆ ಬೀಳುತ್ತಿದ್ದದ್ದನ್ನು ನೋಡಿ ಪರದೆ ಎಳೆದದ್ದು.

"ನಮ್ ಮೇಷ್ಟ್ರು ಸಾ ಹೇಳಿದ್ದು ಒಂದು ಮಾತು ತಪ್ಪಿಲ್ಲ ಕಣ್ರೀ," ಎಂದ ಅವನು, ಬಾಗಿಲಲ್ಲಿ ನಿಂತ ರುದ್ರಾಣಿಯನ್ನೂ ಸೇರಿಸಿ. "ಎತ್ತರದಲ್ಲಿ ಉಪ್ಪು ತಿನ್ನಬಾರದು, ತಿಂದ್ರೆ ಎದೆಗೆ ನೀರು ಇಳೀತದೆ ಅನ್ನೋರು. ಇಷ್ಟು ವರ್ಷ ಭೋಜಬಾಸಾ ಕ್ಯಾಂಪ್ ದಾಟಿದ್ಮೇಲೆ ನಾವ್ಯಾರೂ ಉಪ್ಪು ಮುಟ್ಟಿಲ್ಲ. ಯಾರಿಗೂ ಏನೂ ಆಗಿಲ್ಲ."

"ಅಷ್ಟೇ ಅಲ್ಲ, ಹಿಮದ ಮೇಲೆ ಎಡಗಾಲು ಮೊದ್ಲು ಇಡಬಾರ್ದು," ಎಂದ ಜೀಪಿನ ಮಾದೇಶ್. "ಒಂದ್ಸಲ ನಾನು ಎಡಗಾಲು ಇಟ್ಟೆ, ಬಿದ್ದೆ. ಆವತ್ತಿಂದ ನಂಬಿಕೆ ಬಂತು."

"ಉಪ್ಪಿಲ್ದಿರೋ ಪುಡಿ ನುಂಗೋದೇ ಕಷ್ಟ ಕಣ್ರೀ, ಗಂಟಲಲ್ಲಿ ಮರಳು ಇಳಿದಂಗೆ," ಅಮೃತೇಶ್ ಮುಂದುವರಿಸಿದ. "ಆದ್ರೆ ಸಾ ಮಾತ್ರ ಟೆಂಟಿನ ಮೂಲೇಲಿ ಆ ಕಡೆ ತಿರುಕ್ಕೊಂಡು, ಲಿಂಗಕ್ಕೆ ತೋರಿಸಿ, ಚಪ್ಪರಿಸ್ಕೊಂಡು ತಿನ್ನೋರು. ನಮ್ಮನೆಯವ್ಳ ಕೈರುಚಿ ಅನ್ನೋರು. ಆ ಮನಸ್ಸು ಬರ್ಬೇಕು ಅಂದ್ರೆ ಎಷ್ಟು ಸಾಧನೆ ಬೇಕು!"

ರುದ್ರಾಣಿ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡಳು. ಮುಖದಲ್ಲಿ ಏನೂ ಕಾಣಿಸಲಿಲ್ಲ. ಕಂಡಿದ್ದರೂ ಜನ ಅದನ್ನು ದುಃಖವೆಂದೇ ತಿಳಿಯುತ್ತಿದ್ದರು.

ಆಗ ಮಗ ಗುರುಪ್ರಸಾದ್ ಒಳಗಿನಿಂದ ಅಪ್ಪನ ಬೆಟ್ಟದ ಕೋಟು ತಂದ. ದಪ್ಪನೆಯ ನೀಲಿ ಕೋಟು. ಅದನ್ನು ಅಪ್ಪನ ಹೆಗಲ ಮೇಲೆ ಹೊದಿಸಿ, ಕಾಲರು ಸರಿಮಾಡಿದ. ಹೆಂಗಸರು ಅತ್ತರು.

"ಅಪ್ಪ ಇದನ್ನ ಹಾಕ್ಕೊಂಡೇ ಹೋಗ್ಲಿ," ಎಂದ. ನಂತರ ಅಮೃತೇಶನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ: "ಅಮೃತೇಶಣ್ಣ, ಭಾನುವಾರದ ಪ್ರೋಗ್ರಾಂ ನಿಲ್ಲೋದು ಬೇಡ. ಅಪ್ಪನ ಸೀಟಲ್ಲಿ ನಾನು ಬತ್ತೀನಿ. ಅಪ್ಪನ ಫೋಟೋ ತಪೋವನದಲ್ಲಿ ಇಟ್ಟು ಬರ್ಬೇಕು. ಟಿಕೆಟ್ಟು ನನ್ನ ಹೆಸ್ರಿಗೆ ಮಾಡಿಸ್ಬಿಡಿ."

"ಮಗ ಅಂದ್ರೆ ಇಂಗಿರ್ಬೇಕು," ಎಂದರು ದೊಡ್ಡಸಿದ್ದಯ್ಯ. ಸುತ್ತ ಕೂತವರು ತಲೆದೂಗಿದರು.

ಅಮೃತೇಶನ ಕಣ್ಣು ರುದ್ರಾಣಿಯ ಕಡೆ ಹೋಯಿತು. ಹೇಳಬೇಡವೆಂದು ಅವಳು ಮೆಲ್ಲಗೆ ತಲೆ ಅಲ್ಲಾಡಿಸಿದಳು. ಅವನು ನೀರು ಬೇಕೆಂದು ಎದ್ದು ಹೊರಗೆ ಹೋದ.

*

ಇಪ್ಪತ್ತಮೂರು ವರ್ಷದ ಹಿಂದೆ ತಪೋವನದ ಹೆಸರು ಈ ಮನೆಗೆ ತಂದವಳು ರುದ್ರಾಣಿಯೇ. ಮೈಸೂರಿನಲ್ಲಿ ಭೂಗೋಳ ಓದಿ ಬಿ.ಎ. ಮಾಡಿದವಳು. ಮದುವೆಯಾದ ಮೇಲೆ ಆ ಓದು ಉಳಿದದ್ದು ಮಕ್ಕಳ ಹೋಂವರ್ಕಿಗೆ, ಮತ್ತು ಗೋಡೆಗೆ ಅಂಟಿಸಿದ ಒಂದು ಉತ್ತರಾಖಂಡದ ನಕ್ಷೆಗೆ. ಗಂಗೋತ್ರಿಯಲ್ಲಿ ಒಂದು ದಿನ ಸುಮ್ಮನೆ ಉಳಿಯಬೇಕು, ಇಲ್ಲದಿದ್ದರೆ ತಲೆ ಸಿಡಿಯುತ್ತದೆ. ಗೋಮುಖದ ಆಚೆಯ ಹೊಳೆಯನ್ನು ಬೆಳಿಗ್ಗೆಯೇ ದಾಟಬೇಕು, ಬಿಸಿಲೇರಿದರೆ ಹಿಮ ಕರಗಿ ನೀರು ಏರುತ್ತದೆ. ಇವೆಲ್ಲ ಅವಳು ಓದಿ, ಯೋಚಿಸಿ, ರಾತ್ರಿ ಊಟದ ಹೊತ್ತಿಗೆ ಹೇಳುತ್ತಿದ್ದ ಮಾತುಗಳು. ಕೇಳುತ್ತ ಕೇಳುತ್ತ ಶಂಭುಲಿಂಗಪ್ಪನವರಿಗೂ ಹುಮ್ಮಸ್ಸು ಬಂತು. ಮೂರು ವರ್ಷ ತಯಾರಿ ನಡೆಯಿತು. ಅವರ ಕೋಟಿಗೆ ಬೆಚ್ಚನೆಯ ಅಸ್ತರು ಕೊಟ್ಟು ನೀಲಿ ದಾರದಲ್ಲಿ ಒಂದೊಂದೂ ಹೊಲಿಗೆ ಹಾಕಿದವಳು ಅವಳೇ. ತನಗೆಂದು ಒಂದು ಜೊತೆ ಕ್ಯಾನ್ವಾಸ್ ಬೂಟು ಕೊಂಡಿದ್ದಳು.

ಮೈಸೂರು ಸ್ಟೇಷನ್ನಿನಲ್ಲಿ ದೆಹಲಿ ರೈಲು ನಿಂತಿತ್ತು. ಗಂಡಸರ ಸಾಮಾನೆಲ್ಲ ಒಳಗೆ ಹೋಯಿತು. ಅವಳು ಮೆಟ್ಟಿಲ ಕಂಬಿಗೆ ಕೈ ಹಾಕಿದಾಗ ಶಂಭುಲಿಂಗಪ್ಪ ಬಾಗಿಲಲ್ಲಿ ಅಡ್ಡ ನಿಂತರು.

"ನಿಂಗೆ ಕನ್ಫರ್ಮ್ ಆಗ್ಲಿಲ್ಲ ಕಣೆ ರುದ್ರಾಣಿ. ಕೊನೆವರ್ಗೂ ನೋಡ್ದೆ. ಮುಂದಿನ ವರ್ಷ ನೋಡೋಣ."

ಅವಳು ಕಂಬಿಯಿಂದ ಕೈ ತೆಗೆಯುವಷ್ಟರಲ್ಲಿ ರೈಲು ಕೂಗಿತು. ಕಿಟಕಿಯ ಪಕ್ಕ ಕೂತ ಮೇಲೆ ಅವರು ಕೈ ಹೊರಗೆ ಚಾಚಿದರು. ಅವಳ ಕೈ ಹಿಡಿಯುವುದಕ್ಕಲ್ಲ.

"ಊಟದ ಚೀಲ ನಿನ್ ಹತ್ರನೇ ಉಳೀತು. ಕೊಡು, ಬೇಗ ಕೊಡು."

ಅವಳು ಕೊಟ್ಟಳು. ನಂಜನಗೂಡಿನ ಪ್ಯಾಸೆಂಜರಿನಲ್ಲಿ ಹಾಸಿಗೆ ಸುರುಳಿ ತೊಡೆಯ ಮೇಲಿಟ್ಟುಕೊಂಡು ವಾಪಸು ಬಂದಳು. ಎದುರು ಕೂತಿದ್ದ ಹೂ ಮಾರುವ ಹೆಂಗಸೊಬ್ಬಳು ಸೀರೆಯ ಕೆಳಗಿನ ಹೊಸ ಬೂಟು ನೋಡಿ, "ಎಲ್ಲಿಗೋಗಿದ್ದೆ ತಾಯಿ?" ಎಂದು ಕೇಳಿದಳು. "ಬೆಟ್ಟಕ್ಕೆ," ಎಂದಳು ರುದ್ರಾಣಿ. ಆ ಹೆಂಗಸು ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆ ಹರಿದು ಅವಳ ಕೈಗಿಟ್ಟಳು.

ಮುಂದಿನ ವರ್ಷಕ್ಕೆ ಬೇಗನೆ ಟಿಕೆಟ್ಟು ತೆಗೆಸಿದರೆ ಕನ್ಫರ್ಮ್ ಆಗಬಹುದೆಂದು ಅವಳೇ ಅಮೃತೇಶನ ಅಂಗಡಿಗೆ ಹೋದಳು. ಆಗಿನ್ನೂ ಮೀಸೆ ಕಪ್ಪಗಿದ್ದ ಅಮೃತೇಶ್ ಗೊಂದಲದಿಂದ ಅವಳ ಮುಖ ನೋಡಿದ.

"ನಿಮ್ಮ ಹೆಸ್ರಿಗೆ ಟಿಕೆಟ್ಟೇ ತೆಗೆಸಿರ್ಲಿಲ್ವಲ್ಲ ಅಮ್ಮ. ಸಾ ತಮ್ಮೊಬ್ರಿಗೇ ಹೇಳಿದ್ರು. ಹೆಂಗಸರು ಬಂದ್ರೆ ತಂಡದವ್ರಿಗೆ ತೊಂದ್ರೆ, ಅವ್ಳಿಗೆ ಆಮೇಲೆ ಹೇಳ್ತೀನಿ ಅಂದ್ರು."

ಮೂರು ವರ್ಷ ಅವಳು ತಯಾರಿ ಮಾಡಿದ್ದನ್ನು ಶಂಭುಲಿಂಗಪ್ಪ ನೋಡುತ್ತಲೇ ಇದ್ದರು. ಬೂಟು ಕೊಳ್ಳುವಾಗ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು, ಒಂದು ಅಳತೆ ದೊಡ್ಡದು ತಗೋ, ಕಾಲ್ಚೀಲ ಹಾಕ್ಬೇಕಲ್ಲ ಎಂದಿದ್ದರು.

ಅವಳು ಮನೆಗೆ ಬಂದು ಜಗಳ ಆಡಲಿಲ್ಲ. ಆ ರಾತ್ರಿ ಊಟಕ್ಕೆ ಬಡಿಸುತ್ತ, "ಎತ್ತರದಲ್ಲಿ ಉಪ್ಪು ತಿನ್ನಬಾರದಂತೆ ಕಣ್ರೀ. ಕಾಲೇಜಲ್ಲಿ ಓದಿದ್ದೆ, ಈಗ ನೆನಪಾಯ್ತು," ಎಂದಳು. ಶಂಭುಲಿಂಗಪ್ಪ ಯಾಕೆಂದು ಕೇಳಿದರು. ಎದೆಗೆ ನೀರು ಇಳಿಯುತ್ತದೆ ಎಂದಳು. ಬಾಯಿಗೆ ಬಂದದ್ದು ಹೇಳಿದ್ದು. ಮರುವರ್ಷದ ಬುತ್ತಿಗೆ ಅವಳು ಉಪ್ಪು ಹಾಕಲಿಲ್ಲ. ಅದರ ಮರುವರ್ಷ ಪುರಭವನದಲ್ಲಿ ಅವರು ಮೈಕಿನ ಮುಂದೆ ಅದೇ ಮಾತು ಹೇಳಿದಾಗ ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ಇನ್ನೂರು ಜನ ತಲೆದೂಗುವುದನ್ನು ತಿರುಗಿ ನೋಡಿದಳು. ಅಂಥ ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ಮನೆಗೆ ಬಂದು ಎಡಗಾಲಿನ ಮಾತು ಹೊಸೆದಳು.

*

ಟಿ. ನರಸೀಪುರದಿಂದ ಗೆಳತಿ ಮಂಗಳಮ್ಮ ಬಂದಾಗ ಹನ್ನೊಂದು ಹೊಡೆದಿತ್ತು. ಮೈಸೂರಿನ ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಆಮೇಲೆ ಅವಳು ನರ್ಸಾಗಿ ನಿವೃತ್ತಳಾಗಿದ್ದಳು. ಈ ಮನೆಗೆ ಅವಳು ಬಂದಾಗಲೆಲ್ಲ ಶಂಭುಲಿಂಗಪ್ಪನವರು ಜಾತಿಯಿಲ್ಲ ಎಂಬ ವಚನ ಹೇಳಿ, ಕಾಫಿ ಮಾತ್ರ ಪೇಪರ್ ಲೋಟದಲ್ಲಿ ಕೊಡಿಸುತ್ತಿದ್ದರು. ಮಂಗಳಮ್ಮ ಕುಡಿದ ಲೋಟವನ್ನು ಮಡಚಿ ತನ್ನ ಬ್ಯಾಗಿಗೇ ಹಾಕಿಕೊಂಡು ಹೋಗುತ್ತಿದ್ದಳು, ರುದ್ರಾಣಿಗೆ ಅದನ್ನು ಎಸೆಯುವ ಮುಜುಗರ ಬೇಡವೆಂದು.

ಸತ್ತವರಿಗೆ ಕೈ ಮುಗಿದು ಅವಳು ಹಿತ್ತಿಲಿಗೆ ಬಂದಳು. ಬ್ಯಾಗಿನಿಂದ ಒಂದು ಜೊತೆ ಉಣ್ಣೆಯ ಕಾಲ್ಚೀಲ ತೆಗೆದು ರುದ್ರಾಣಿಯ ಕೈಗಿಟ್ಟಳು.

"ನಂಗೆ ಗೊತ್ತಿತ್ತು ನೀನು ಇವತ್ತೇ ಬೆಟ್ಟದ ಮಾತು ತೆಗೀತೀಯ ಅಂತ. ಹೋಗ್ತೀಯ ತಾನೆ?"

"ಹೋಗ್ತೀನಿ."

"ಕೈ ಕೊಡು." ಮಂಗಳಮ್ಮ ನಾಡಿ ಹಿಡಿದು ಗಡಿಯಾರ ನೋಡಿದಳು. "ಮುಡುಕುತೊರೆ ಮೆಟ್ಟಿಲು ಹತ್ತಿದ್ದು ಸುಮ್ನೆ ಹೋಗಿಲ್ಲ ಬಿಡು. ನಿನ್ನ ಎದೆ ನನ್ನ ಎದೆಗಿಂತ ಗಟ್ಟಿ ಅದೆ."

ಹರಕೆಯೆಂದು ಮನೆಯಲ್ಲಿ ಹೇಳಿ, ವರ್ಷಗಟ್ಟಲೆ ಸೋಮವಾರ ಸೋಮವಾರ ರುದ್ರಾಣಿ ಮುಡುಕುತೊರೆಯ ಬೆಟ್ಟ ಹತ್ತುತ್ತಿದ್ದಳು. ಮೊದಲು ಬರಿಗೈಯಲ್ಲಿ, ಆಮೇಲೆ ಅಕ್ಕಿಯ ಚೀಲ ಬೆನ್ನಿಗೆ ಕಟ್ಟಿಕೊಂಡು. ಮಂಗಳಮ್ಮ ಕೆಳಗೆ ಕಲ್ಲಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ ಕಾಯುತ್ತಿದ್ದಳು.

"ಗುರು ತಾನೇ ಹೋಗ್ತೀನಿ ಅಂತಾವ್ನೆ," ಎಂದಳು ರುದ್ರಾಣಿ. "ಎಲ್ರ ಮುಂದೂ ಹೇಳಿ ಶಭಾಷ್ ಅನ್ನಿಸ್ಕೊಂಡ."

"ಹೇಳ್ಬಿಡು ಅವ್ನಿಗೆ. ಪಾಪ, ಬ್ಯಾಗು ತುಂಬ್ಕೊಂಡಾನು."

"ತುಂಬ್ಕೊಳ್ಲಿ."

ಮಂಗಳಮ್ಮ ಅವಳ ಮುಖವನ್ನೇ ನೋಡಿದಳು. "ಅವ್ನಪ್ಪ ಮಾಡಿದ್ದಕ್ಕೆ ಅವ್ನಿಗೆ ಯಾಕೆ?"

"ಅವ್ನಪ್ಪ ತಪ್ಪಿಸ್ಕೊಂಡ್ನಲ್ಲ. ನಾನು ಹೊರಟು ನಿಂತು, ಬಾಗಿಲಲ್ಲಿ ಅವ್ರು ನೋಡ್ತಾ ಉಳೀಬೇಕು ಅಂತಿದ್ದೆ ಕಣೆ. ಅದಕ್ಕೇ ಅಲ್ವ ಇಷ್ಟು ವರ್ಷ ಕಾದಿದ್ದು. ಅದನ್ನೂ ನೋಡ್ದೆ ಹೋಗ್ಬಿಟ್ರು." ಬೆಳಗಿನಿಂದ ರುದ್ರಾಣಿಯ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು. ಬಚ್ಚಲಿನ ಬಾಗಿಲಲ್ಲಿ ನಿಂತಿದ್ದ ನೆಂಟರ ಹೆಂಗಸೊಬ್ಬಳು ಅದನ್ನು ಕಂಡು, "ಅಳಲಿ ಬಿಡಿ, ಒಳ್ಳೇದು," ಎಂದಳು.

*

ಸಮಾಧಿ ಸೋಮನಾಥಪುರದ ಪಕ್ಕದ ಅವರ ತೋಟದಲ್ಲಿ. ಹೂವಿನಿಂದ ಅಲಂಕರಿಸಿದ ಟೆಂಪೋದಲ್ಲಿ ಶಂಭುಲಿಂಗಪ್ಪ ಕೂತೇ ಹೋದರು, ನೀಲಿ ಕೋಟು ಹೊದ್ದುಕೊಂಡು, ನರಸೀಪುರದ ಸೇತುವೆ ದಾಟುವಾಗ ಎರಡೂ ಬದಿಯ ಹೊಳೆ ನೋಡುತ್ತಿರುವವರಂತೆ. ರಸ್ತೆಯ ಬದಿಯ ಜನ ನಿಂತು ಕೈ ಮುಗಿದರು.

ಗುಂಡಿಯ ಒಳಗೆ ಕೂರಿಸಲು ಗೂಡು ಕಡಿದಿದ್ದರು. ದಡದಲ್ಲಿ ವಿಭೂತಿ ಗಟ್ಟಿಯ ತಟ್ಟೆ, ಬಿಲ್ವಪತ್ರೆಯ ಬುಟ್ಟಿ, ಉಪ್ಪಿನ ಮೂಟೆಗಳು. ದೇಹದ ಸುತ್ತ ತುಂಬಲು ತಂದ ಕಲ್ಲುಪ್ಪು. ಸಂಸ್ಕಾರ ಮಾಡಿಸುವ ಅಯ್ನೋರು ಮುದುಕರು, ಗುಂಡಿಗೆ ಇಳಿಯಲು ಇಬ್ಬರ ಕೈ ಹಿಡಿಯಬೇಕಾಯಿತು.

"ಇಳ್ಸಿ," ಎಂದರು. ನಾಲ್ವರು ಶಂಭುಲಿಂಗಪ್ಪನವರನ್ನು ಇಳಿಸಿ ಗೂಡಿನ ಮುಂದೆ ಕೂರಿಸಿದರು.

"ಒಂದು ನಿಮಿಷ ಬುದ್ಧಿ," ರುದ್ರಾಣಿ ಮುಂದೆ ಬಂದಳು. "ಸಮಾಧಿ ಒಳಕ್ಕೆ ಏನೇನು ಹೋಗ್ಬಹುದು?"

ಅಯ್ನೋರು ತಲೆಯೆತ್ತಿ ನೋಡಿದರು. "ಲಿಂಗ, ವಿಭೂತಿ, ಪತ್ರೆ. ಶರಣರು ಮತ್ತೇನೂ ಒಯ್ಯೋದಿಲ್ಲ ತಾಯಿ."

"ಹಂಗಾದ್ರೆ ಕೋಟು ತೆಗೀರಿ."

ಗುರುಪ್ರಸಾದ್ ಗುಂಡಿಯ ಅಂಚಿಗೆ ಬಂದ. "ಅಮ್ಮ! ಅಪ್ಪಂಗೆ ಅದು ಪ್ರಾಣ ಆಗಿತ್ತು."

"ಪ್ರಾಣ ಹೋಯ್ತಲ್ಲ. ಕೋಟು ಯಾಕೆ?"

ಯಾರೋ ಹಿಂದಿನಿಂದ ಕೆಮ್ಮಿದರು. ದೊಡ್ಡಸಿದ್ದಯ್ಯ ಗೊಣಗಿದರು, "ಎಲ್ರ ಮುಂದೆ ಇದೇನವ್ವ ಮಾನ ಕಳಿಯೋದು." ಆದರೆ ಅಯ್ನೋರು ಕೈ ಎತ್ತಿದರು. "ಆಯಮ್ಮ ಹೇಳೋದು ಶಾಸ್ತ್ರವೇ ಕಣಪ್ಪ. ತೆಗೀರಿ." ತಾವೇ ಮೆಲ್ಲಗೆ, ತೋಳಿಗೆ ನೋವಾದೀತೇನೋ ಎನ್ನುವಂತೆ, ಹೆಗಲಿನಿಂದ ಕೋಟು ಜಾರಿಸಿ ಮೇಲೆ ಕೊಟ್ಟರು.

ಗುರುಪ್ರಸಾದ್ ಕೈ ಚಾಚಿದ. "ಸರಿ, ನಾನು ಹಾಕ್ಕೊಂಡು ಹೋಗ್ತೀನಿ, ಅಪ್ಪನ ನೆನಪಿಗೆ."

"ನೆನಪಿಗೆ ಫೋಟೋ ಅದೆ," ಎಂದು ರುದ್ರಾಣಿ ಕೋಟನ್ನು ತನ್ನ ತೋಳಿನ ಮೇಲೆ ಎಳೆದುಕೊಂಡಳು.

ಕೋಟು ಅವಳು ನೆನೆದಿದ್ದಕ್ಕಿಂತ ಭಾರವಾಗಿತ್ತು. ಅಭ್ಯಾಸದಿಂದ ಬೆರಳು ಅಸ್ತರಿನ ಮೇಲೆ ಹರಿದಾಡಿತು. ಎಲ್ಲ ಹೊಲಿಗೆಯೂ ಅವಳದೇ, ನೀಲಿ ದಾರ. ಆದರೆ ಎಡಗಡೆಯ ಒಳಮೈಯಲ್ಲಿ ಒಂದು ಕಡೆ ಬೆರಳು ತಡೆಯಿತು. ಅಲ್ಲಿ ಒಂದು ಪುಟ್ಟ ಜೇಬಿತ್ತು. ಅವಳು ಹೊಲಿಯದ ಜೇಬು. ಕಪ್ಪು ದಾರ, ಯಾರೋ ದರ್ಜಿಯ ಮಿಷನ್ನಿನ ಹೊಲಿಗೆ. ಒಳಗೆ ಕಾಗದದ ಪೊಟ್ಟಣ. ಮಡಿಕೆಗಳು ಸವೆದು ಬಟ್ಟೆಯಂತೆ ಮೆತ್ತಗಾಗಿದ್ದವು, ಮತ್ತೆ ಮತ್ತೆ ಬಿಚ್ಚಿ ಮಡಚಿದ ಹಾಗೆ.

ಅವಳು ಅದನ್ನು ಬಿಚ್ಚಿ, ಬೆರಳ ತುದಿ ಅದ್ದಿ ನಾಲಗೆಗೆ ಇಟ್ಟಳು.

ಉಪ್ಪು.

ಟೆಂಟಿನ ಮೂಲೆಯಲ್ಲಿ, ಆ ಕಡೆ ತಿರುಗಿಕೊಂಡು, ಚಪ್ಪರಿಸಿಕೊಂಡು. ಹಾಗಾದರೆ ಇಷ್ಟು ವರ್ಷ ಅವಳು ಉಪ್ಪು ತಪ್ಪಿಸಿದ್ದು ಯಾರಿಗೆ? ಎದುರಿಗೆ ಅಮೃತೇಶ್ ನಿಂತಿದ್ದ, ಮಾದೇಶ್ ನಿಂತಿದ್ದ. ಗಂಟಲಲ್ಲಿ ಮರಳು ಇಳಿದ ಹಾಗೆ ನುಂಗಿದವರು ಇವರು. ಮೈಕಿನ ಮುಂದೆ ಉಪ್ಪು ಬೇಡವೆಂದವರು ಎದೆಯ ಹತ್ತಿರ ಉಪ್ಪು ಇಟ್ಟುಕೊಂಡು ಹತ್ತಿದ್ದರು. ಅವಳ ಮಾತು ಸುಳ್ಳೆಂದು ತಿಳಿದಿತ್ತೋ, ನಿಜವೆಂದು ನಂಬಿಯೂ ತಡೆಯಲಾಗಲಿಲ್ಲವೋ, ಇನ್ನು ಕೇಳುವ ಹಾಗಿರಲಿಲ್ಲ.

"ಉಪ್ಪು ಹಾಕಿ," ಎಂದರು ಅಯ್ನೋರು. "ಮೊದಲು ಮನೆಯವ್ರು."

ಯಾರೋ ಮೂಟೆ ಬಿಚ್ಚಿ ಅವಳ ಮುಂದೆ ತಂದರು. ಗುಂಡಿಯಲ್ಲಿ ಶಂಭುಲಿಂಗಪ್ಪ ಕಣ್ಣು ಮುಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು, ಬಹಳ ಸಮಾಧಾನವಾಗಿ ಕೂತಿದ್ದರು. ರುದ್ರಾಣಿ ಕೈ ಹಿಂದೆ ಕಟ್ಟಿಕೊಂಡಳು.

"ನಾನು ಹಾಕೋದಿಲ್ಲ. ಅವ್ರು ಸಾಕಷ್ಟು ತಿಂದವ್ರೆ."

ಯಾರಿಗೂ ಅರ್ಥವಾಗಲಿಲ್ಲ. ಪವಿತ್ರ ಮಾತ್ರ ಚಕ್ಕನೆ ತಲೆಯೆತ್ತಿ, ಅತ್ತೆಯ ಬೆನ್ನ ಹಿಂದಿನ ಕೈಯಲ್ಲಿದ್ದ ಪೊಟ್ಟಣ ನೋಡಿದಳು. ಆಮೇಲೆ ಮುಂದೆ ಬಂದು, ಅತ್ತೆಯ ಪಾಲಿನದನ್ನೂ ಸೇರಿಸಿ ಎರಡು ಬೊಗಸೆ ಉಪ್ಪು ಗುಂಡಿಗೆ ಹಾಕಿದಳು.

*

ಸಂಜೆ ನಂಜನಗೂಡಿನಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ನೆಂಟರು ಹೊರಟು, ಮಂಗಳಮ್ಮನೂ ಕೊನೆಯ ಬಸ್ಸಿಗೆ ಹೋಗಿ, ಮನೆ ಖಾಲಿಯಾಗಿತ್ತು. ರುದ್ರಾಣಿ ಜಗಲಿಯ ಮೇಲೆ, ಗಂಡ ಕೂರುತ್ತಿದ್ದ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಅಳತೆ ನೋಡಲೆಂದು ಕೋಟು ಹಾಕಿಕೊಂಡವಳು ಬೆಚ್ಚಗಿದೆಯೆಂದು ತೆಗೆದಿರಲಿಲ್ಲ. ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಉಪ್ಪಿನ ಪೊಟ್ಟಣ ಮತ್ತೆ ಅದೇ ಜೇಬು ಸೇರಿತ್ತು.

ಅಮೃತೇಶ್ ಗೇಟಿನಲ್ಲೇ ಛತ್ರಿ ಹಿಡಿದು ನಿಂತ. "ಆಯ್ತು ಅಮ್ಮ. ಹೆಸ್ರು ಬದಲಾಯ್ತು. ಕೆಳಗಿನ ಬರ್ತೇ ಸಿಕ್ತು." ಅಷ್ಟು ಹೇಳಿ, ಒಳಗಿನಿಂದ ಗುರುಪ್ರಸಾದ್ ಬರುವುದನ್ನು ನೋಡಿ, ಮಳೆಯಲ್ಲಿ ಬೇಗಬೇಗ ನಡೆದುಬಿಟ್ಟ.

ಗುರುಪ್ರಸಾದನ ಕೈಯಲ್ಲಿ ಅಪ್ಪನ ಬೆನ್ನುಚೀಲವಿತ್ತು. ಫೋಟೋವನ್ನು ಟವೆಲಿನಲ್ಲಿ ಸುತ್ತಿ ಆಗಲೇ ಒಳಗಿಟ್ಟಿದ್ದ. "ಅಮೃತೇಶಣ್ಣ ಬಂದಿದ್ನ? ನನ್ ಟಿಕೆಟ್ಟು ಏನಾಯ್ತಂತೆ?"

ಇಪ್ಪತ್ತು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು. ಯಾರಿಗೆ ಹೇಳಬೇಕಿತ್ತೋ ಅವರು ಸೋಮನಾಥಪುರದಲ್ಲಿ ಉಪ್ಪಿನ ನಡುವೆ ಕೂತಿದ್ದರು. ಆದರೂ ಮಾತು ತಾನಾಗಿ ಹೊರಬಂತು, ಅದೇ ದನಿ, ಅದೇ ಎಳೆತ.

"ನಿಂಗೆ ಕನ್ಫರ್ಮ್ ಆಗ್ಲಿಲ್ಲ ಕಣಪ್ಪ. ಮುಂದಿನ ವರ್ಷ ನೋಡೋಣ."

"ಅಂದ್ರೆ? ಅಪ್ಪನ ಸೀಟು ಯಾರಿಗೆ ಹೋಯ್ತು?"

ಅವಳು ಉದ್ದದ ತೋಳನ್ನು ಮಡಚಿಕೊಂಡಳು. ಗುರುಪ್ರಸಾದ್ ಕೋಟು ನೋಡಿದ, ಕುರ್ಚಿ ನೋಡಿದ. ಬೈಯಬಹುದೆಂದು ಅವಳು ಕಾದಳು. ಬೈದರೆ ಕೊಡಲು ಉತ್ತರಗಳು ಸಾಲಾಗಿ ನಿಂತಿದ್ದವು. ಅವನು ಬೈಯಲಿಲ್ಲ. ಚೀಲದಿಂದ ಅಪ್ಪನ ಫೋಟೋ ತೆಗೆದು, ಟವೆಲು ಬಿಚ್ಚಿ, ಖಾಲಿ ಚೀಲವನ್ನು ಅವಳ ಕಾಲಬಳಿ ಇಟ್ಟು, ಫೋಟೋ ಹಿಡಿದುಕೊಂಡು ಒಳಗೆ ಹೋದ.

ಮಳೆ ನೋಡುತ್ತ ಅವಳು ಗೋಮುಖದ ಆಚೆಯ ಹೊಳೆಯನ್ನು ನೆನೆದಳು. ಬೆಳಿಗ್ಗೆಯೇ ದಾಟಬೇಕು. ಹೊಟ್ಟೆ ಹಸಿಯುತ್ತಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಪವಿತ್ರ ಬಂದಳು. ಹೆಜ್ಜೆ ಸದ್ದಾಗಲಿಲ್ಲ. ತಟ್ಟೆಯಲ್ಲಿ ಬಿಸಿ ಅನ್ನ, ಮೇಲೆ ಹುಚ್ಚೆಳ್ಳಿನ ಪುಡಿ, ಕರಗುತ್ತಿರುವ ತುಪ್ಪ. ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಬಗ್ಗಿ, ಅತ್ತೆಯ ಮಡಿಲಲ್ಲಿಟ್ಟಳು. ಜಾರದಂತೆ ಕೋಟಿನ ಅಂಚನ್ನು ಸರಿಮಾಡಿದಳು.

ಆ ವಾಸನೆಗೇ ರುದ್ರಾಣಿಯ ಬಾಯಲ್ಲಿ ನೀರೂರಿತು. ಕಲಸಿ ಒಂದು ತುತ್ತು ಬಾಯಿಗಿಟ್ಟಳು.

ಅಗಿಯುವುದು ನಿಂತಿತು. ಗಂಟಲಲ್ಲಿ ಮರಳು ಇಳಿದ ಹಾಗೆ.

ಅವಳು ತಲೆಯೆತ್ತಿದಳು. ಪವಿತ್ರ ಎದುರಿಗೇ ನಿಂತಿದ್ದಳು, ಖಾಲಿ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಮುಖದಲ್ಲಿ ಏನೂ ಇಲ್ಲದೆ, ಅತ್ತೆ ಉಣ್ಣುವುದನ್ನು ನೋಡುತ್ತ. ನಗಲಿಲ್ಲ. ಏನಾದರೂ ಬೇಕೇ ಎಂದು ಕೇಳಲಿಲ್ಲ.

ರುದ್ರಾಣಿ ಕುರ್ಚಿಯಲ್ಲಿ ಸ್ವಲ್ಪ ಆ ಕಡೆ, ಗೋಡೆಯ ಕಡೆ ತಿರುಗಿದಳು. ಅವಳ ಎಡಗೈ ಕೋಟಿನ ಒಳಗೆ, ಕಪ್ಪು ದಾರದ ಜೇಬಿನ ಕಡೆಗೆ ಹೋಯಿತು.